ವಿಮಾನ ನಿಲ್ದಾಣದಲ್ಲಿ ಕಾಯುವ ಗಂಟೆಗಳಿಗೂ ಬೆಲೆಯಿದೆ
ವಿದೇಶಕ್ಕೆ ಹೊರಡುವ ನಮ್ಮ ಭಾಗದ ವರ್ತಕರು ಹಾಗೂ ಸಣ್ಣ ಉದ್ಯಮಿಗಳಿಗೆ ಕೆಲವು ಸೂಚನೆಗಳು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಸಿಂಧನೂರಿನ ಮಿಲ್ಲುಗಳಲ್ಲಿ ಅಕ್ಕಿಯಾಗಿ, ದಲ್ಲಾಳಿಗಳ ಮೂಲಕ ದೊಡ್ಡ ಪೇಟೆಗಳಿಗೆ ಸಾಗಿದರೆ ಮಿಲ್ ಮಾಲೀಕನ ಜವಾಬ್ದಾರಿ ಮುಗಿಯುತ್ತಿದ್ದ ಕಾಲವೊಂದಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. ಅಕ್ಕಿ ಖರೀದಿದಾರರನ್ನು ಕಾಣಲು ದುಬೈನ ಗಲ್ಫುಡ್ ಮೇಳಕ್ಕೆ ಹೋಗುವವರಿದ್ದಾರೆ. ಸಾರ್ಟೆಕ್ಸ್ ಯಂತ್ರ ನೋಡಲು ಚೀನಾದ ಹೆಫೈ ನಗರಕ್ಕೋ, 1957ರಿಂದ ವರ್ಷಕ್ಕೆರಡು ಬಾರಿ ಗುವಾಂಗ್‌ಝೌನಲ್ಲಿ ನಡೆಯುತ್ತಿರುವ ಕ್ಯಾಂಟನ್ ಮೇಳಕ್ಕೋ ಹೊರಡುವವರಿದ್ದಾರೆ. 2008ರ ಮಾರ್ಚ್‌ನಲ್ಲಿ ಶಂಷಾಬಾದ್ ಹಾಗೂ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಗಳು ಆರಂಭವಾದ ಮೇಲೆ ಈ ಪ್ರಯಾಣ ಸುಲಭವೂ ಆಗಿದೆ.

2023ರ ಜುಲೈ 20ರಂದು ಕೇಂದ್ರ ಸರ್ಕಾರವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. 2024ರ ಸೆಪ್ಟೆಂಬರ್ 28ರಂದು ಆ ನಿಷೇಧ ತೆರವಾಯಿತು. ನಡುವಿನ ಹದಿನಾಲ್ಕು ತಿಂಗಳಲ್ಲಿ ಬೇರೆ ದೇಶಗಳ ಅಕ್ಕಿಯತ್ತ ತಿರುಗಿದ ಖರೀದಿದಾರರನ್ನು ಮರಳಿ ಕರೆತರಲು ಖುದ್ದು ಭೇಟಿಯೇ ಬೇಕಾಗುತ್ತದೆ. ಆದ್ದರಿಂದ ವಿದೇಶ ಪ್ರವಾಸವು ಇನ್ನು ವಿಲಾಸವಲ್ಲ, ವ್ಯಾಪಾರದ ಖರ್ಚು. ಖರ್ಚು ಎಂದ ಮೇಲೆ ಅದರ ಪ್ರತಿಯೊಂದು ಬಾಬಿಗೂ ಲೆಕ್ಕವಿರಬೇಕು. ಈ ಲೇಖನದಲ್ಲಿ ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಬಾಬನ್ನು ಮಾತ್ರ ಪರಿಶೀಲಿಸಲಾಗಿದೆ. ಅದು ಒಂದು ವಿಮಾನದಿಂದಿಳಿದು ಮತ್ತೊಂದನ್ನು ಹತ್ತುವವರೆಗೆ ಕಾಯುವ ಅವಧಿ, ಅಂದರೆ ಲೇಓವರ್.

ಟಿಕೆಟ್ ದರವೊಂದೇ ವೆಚ್ಚವಲ್ಲ

ನಮ್ಮ ಭಾಗದವರ ಪ್ರಯಾಣವು ವಿಮಾನ ನಿಲ್ದಾಣದಲ್ಲಿ ಆರಂಭವಾಗುವುದಿಲ್ಲ. ಸಿಂಧನೂರು, ಮಸ್ಕಿ ಅಥವಾ ಲಿಂಗಸುಗೂರಿನಿಂದ ಶಂಷಾಬಾದ್ ತಲುಪಲು ರಾಯಚೂರಿನ ಮೇಲೆ ಐದಾರು ಗಂಟೆಗಳ ರಸ್ತೆ ಪ್ರಯಾಣವಿದೆ. ಬೆಂಗಳೂರಿಗಾದರೆ ಇಡೀ ರಾತ್ರಿ ಬೇಕು. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಾಜರಿರಬೇಕು. ಬೆಳಗಿನ ಜಾವದ ವಿಮಾನವಾದರೆ ಪ್ರಯಾಣಿಕನ ಒಂದು ರಾತ್ರಿಯ ನಿದ್ರೆ ಮನೆ ಬಿಟ್ಟ ದಿನವೇ ಹೋಗಿರುತ್ತದೆ. ಅದರ ಮೇಲೆ ನಡುದಾರಿಯಲ್ಲಿ ಹನ್ನೆರಡು ಗಂಟೆ ಕುರ್ಚಿಯ ಮೇಲೆ ಕಳೆದು, ಇಳಿದ ದಿನವೇ ದರದ ಮಾತುಕತೆಗೆ ಕುಳಿತರೆ ಪರಿಣಾಮವೇನು?

ಒಂದು ಸರಳ ಲೆಕ್ಕ ನೋಡೋಣ. ಇಪ್ಪತ್ತು ಅಡಿಯ ಕಂಟೇನರಿನಲ್ಲಿ ಸುಮಾರು 25 ಟನ್ ಅಕ್ಕಿ ಹಿಡಿಯುತ್ತದೆ. ದಣಿದ ಮನಸ್ಸಿನಿಂದ ಟನ್ನಿಗೆ 10 ಡಾಲರ್ ಬಿಟ್ಟುಕೊಟ್ಟರೆ ಒಂದು ಕಂಟೇನರಿಗೆ 250 ಡಾಲರ್, ಹತ್ತು ಕಂಟೇನರುಗಳ ಒಪ್ಪಂದಕ್ಕೆ 2,500 ಡಾಲರ್ ನಷ್ಟ. ದೀರ್ಘ ಕಾಯುವಿಕೆಯ ಟಿಕೆಟ್ ಆಯ್ದುಕೊಂಡು ಐದಾರು ಸಾವಿರ ರೂಪಾಯಿ ಉಳಿಸಿದೆನೆಂದು ಸಂತೋಷಪಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ದೀರ್ಘ ಲೇಓವರ್ ತಪ್ಪೇನಲ್ಲ. ಅದನ್ನು ಯಾವ ಉದ್ದೇಶಕ್ಕೆ ಬಳಸುತ್ತೇವೆಂದು ಟಿಕೆಟ್ ಕೊಳ್ಳುವ ಮೊದಲೇ ನಿರ್ಧರಿಸದಿರುವುದು ತಪ್ಪು.

ಬುಕಿಂಗ್‌ಗೆ ಮೊದಲು ಮೂರು ಪ್ರಶ್ನೆಗಳು

1. ಎರಡೂ ವಿಮಾನಗಳು ಒಂದೇ ಪಿಎನ್‌ಆರ್‌ನಲ್ಲಿ ಇವೆಯೇ? ಒಂದೇ ಟಿಕೆಟ್ ಆಗಿದ್ದು ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಪ್ರಯಾಣಿಕನನ್ನು ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ವಿಮಾನ ಸಂಸ್ಥೆಯದು. ಪ್ರತ್ಯೇಕ ಟಿಕೆಟ್‌ಗಳಾದರೆ ಹೊಸ ಟಿಕೆಟ್ಟಿನ ಹಣ ನಿಮ್ಮ ಜೇಬಿನದು. ನನ್ನ ಕಕ್ಷಿದಾರರೊಬ್ಬರು ಹೀಗೆ ಅಗ್ಗದ ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡು, ಮೊದಲ ವಿಮಾನ ಎರಡು ಗಂಟೆ ತಡವಾದ ಕಾರಣ ಉಳಿಸಿದ್ದರ ಮೂರರಷ್ಟು ತೆತ್ತರು.

2. ಸಾಮಾನು ನೇರವಾಗಿ ಅಂತಿಮ ಊರಿಗೆ ಹೋಗುತ್ತದೆಯೇ? ನಡುವೆ ಪಡೆದು ಮತ್ತೆ ಒಪ್ಪಿಸಬೇಕಾದರೆ ಆ ದೇಶದ ವಲಸೆ ತಪಾಸಣೆ ದಾಟಬೇಕು. ಅದಕ್ಕೆ ವೀಸಾ ಬೇಕಾಗಬಹುದು. ಅಮೆರಿಕದ ನಿಲ್ದಾಣಗಳಲ್ಲಂತೂ ವಿಮಾನ ಬದಲಿಸುವವರೂ ವಲಸೆ ತಪಾಸಣೆ ದಾಟಲೇಬೇಕು, ವೀಸಾ ಇಲ್ಲದೆ ಆಗದು.

3. ಹೊರಗೆ ಹೋಗಲು ಅನುಮತಿ ಇದೆಯೇ? ದುಬೈನಲ್ಲಿ 48 ಹಾಗೂ 96 ಗಂಟೆಗಳ ಟ್ರಾನ್ಸಿಟ್ ವೀಸಾಗಳಿದ್ದು, ಆ ದೇಶದ ವಿಮಾನ ಸಂಸ್ಥೆಗಳ ಮೂಲಕ ಮುಂಚಿತವಾಗಿ ಪಡೆಯಬೇಕು. ಹಾಂಕಾಂಗ್ ಪ್ರವೇಶಕ್ಕೆ 2017ರಿಂದ ಭಾರತೀಯರು ಆನ್‌ಲೈನ್ ಪೂರ್ವ ನೋಂದಣಿ ಮಾಡಿಸಿಕೊಳ್ಳಬೇಕು. ನಿಲ್ದಾಣದೊಳಗೇ ವಿಮಾನ ಬದಲಿಸುವವರಿಗೆ ಅದರ ಅಗತ್ಯವಿಲ್ಲ. ಸಿಂಗಪುರದಲ್ಲಿ ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ಕೆಲವು ದೇಶಗಳ ವೀಸಾ ಹೊಂದಿರುವ ಭಾರತೀಯರಿಗೆ ಷರತ್ತುಗಳೊಂದಿಗೆ 96 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯವಿದೆ. ಉಳಿದವರು ವೀಸಾ ಪಡೆದೇ ಹೊರಡಬೇಕು. ಇಂಥ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಹಣ ಕಟ್ಟುವ ದಿನವೇ ವಿಮಾನ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಇದರ ಜೊತೆಗೆ ನಾಲ್ಕನೆಯ ವಿಚಾರಣೆಯೂ ಲಾಭದಾಯಕ. ಕಡಿಮೆ ಅವಧಿಯ ಬದಲಿ ಸಂಪರ್ಕವೇ ಇಲ್ಲದಿದ್ದಲ್ಲಿ, ದೀರ್ಘ ಕಾಯುವಿಕೆಗೆ ಕೆಲವು ವಿಮಾನ ಸಂಸ್ಥೆಗಳು ಹೋಟೆಲ್ ಕೊಠಡಿ ಹಾಗೂ ಊಟವನ್ನು ತಾವೇ ಒದಗಿಸುತ್ತವೆ. ಇದನ್ನು ಬುಕಿಂಗ್ ಸಮಯದಲ್ಲೇ ಕೇಳಿ ಪಡೆಯಬೇಕು. ನಿಲ್ದಾಣಕ್ಕೆ ಹೋಗಿ ಕೇಳಿದರೆ ದೊರೆಯುವ ಭರವಸೆಯಿಲ್ಲ.

ಗಂಟೆಗಳ ಜಮಾ-ಖರ್ಚು

ಟಿಕೆಟ್ಟಿನಲ್ಲಿ ಮುದ್ರಿತವಾದ ಅವಧಿ ಪೂರ್ತಿ ನಮ್ಮದಲ್ಲ. ವಿಮಾನದಿಂದಿಳಿದು ತಪಾಸಣೆ ಮುಗಿಸಿ ಹೊರಬರಲು ಒಂದೂವರೆ ಗಂಟೆ, ಊರೊಳಗೆ ಹೋಗಲು ಒಂದು, ಮರಳಲು ಒಂದು, ಮುಂದಿನ ವಿಮಾನಕ್ಕೆ ಮೂರು ಗಂಟೆ ಮೊದಲು ಹಾಜರಿ. ಒಟ್ಟು ಆರೂವರೆ ಗಂಟೆ ಖರ್ಚಿನ ಕಡೆ ಬರೆದುಕೊಳ್ಳಿ. ಆರು ಗಂಟೆಯ ಲೇಓವರ್ ಇದ್ದರೆ ಉಳಿಕೆ ಏನೂ ಇಲ್ಲ, ಹೊರಹೋಗುವ ಯೋಚನೆಯೇ ಬೇಡ. ಎಂಟು ಗಂಟೆ ಇದ್ದರೆ ಉಳಿಯುವುದು ಒಂದೂವರೆ ಗಂಟೆ, ಓಡಾಟದ ಶ್ರಮಕ್ಕೆ ತಕ್ಕ ಫಲವಿಲ್ಲ. ಹನ್ನೆರಡು ಗಂಟೆ ಇದ್ದರೆ ಐದೂವರೆ ಗಂಟೆ ಕೈಗೆ ಬರುತ್ತದೆ. ಪೇಟೆಯ ಒಂದು ಸುತ್ತು ಹಾಕಲು ಅಷ್ಟು ಸಾಕು.

ದುಬೈನಲ್ಲಿ ಅರ್ಧ ದಿನ ದೊರೆತರೆ

ಬೆನಿನ್, ಟೋಗೊ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳು ಬಾಸ್ಮತಿಯೇತರ ಅಕ್ಕಿಯ ದೊಡ್ಡ ಗ್ರಾಹಕರು. ಅತ್ತ ಹೋಗುವ ಹಲವರು ದುಬೈನಲ್ಲಿ ವಿಮಾನ ಬದಲಿಸುತ್ತಾರೆ. ಅಂಥವರು ಎತ್ತರದ ಕಟ್ಟಡ ನೋಡಲು ಹೋಗುವುದಕ್ಕಿಂತ ದೇರಾ ಪ್ರದೇಶದ ಅಲ್ ರಾಸ್ ಪೇಟೆಗೆ ಹೋಗುವುದು ಮೇಲು. ಅಕ್ಕಿ, ಬೇಳೆಕಾಳು, ಸಾಂಬಾರ ಪದಾರ್ಥಗಳ ಸಗಟು ವ್ಯಾಪಾರಕ್ಕೆ ಅದು ಹೆಸರಾದ ಸ್ಥಳ. ವಿಮಾನ ನಿಲ್ದಾಣದ 1 ಮತ್ತು 3ನೇ ಟರ್ಮಿನಲ್‌ಗಳಿಂದಲೇ ಮೆಟ್ರೊ ಕೆಂಪು ಮಾರ್ಗವಿದೆ. ಯೂನಿಯನ್ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಅಲ್ ರಾಸ್ ತಲುಪಬಹುದು. 2022ರ ಜನವರಿಯಿಂದ ಅಲ್ಲಿನ ಸರ್ಕಾರಿ ವಾರದ ರಜೆ ಶನಿವಾರ ಮತ್ತು ಭಾನುವಾರಕ್ಕೆ ಬದಲಾಗಿದ್ದು, ಶುಕ್ರವಾರ ಅರ್ಧ ದಿನದ ಕೆಲಸವಿದೆ. ದಿನ ನೋಡಿಕೊಂಡು ಟಿಕೆಟ್ ಕೊಳ್ಳಿರಿ.

ಪೇಟೆಯಲ್ಲಿ ನೋಡಬೇಕಾದುದೇನು? ಸೋನಾ ಮಸೂರಿಯನ್ನು ಎಷ್ಟು ಕಿಲೋ ಚೀಲಗಳಲ್ಲಿ ಮಾರುತ್ತಾರೆ, ಚೀಲದ ಮೇಲೆ ಯಾರ ಬ್ರಾಂಡ್ ಇದೆ, ಪ್ಯಾಕ್ ಮಾಡಿದ ಊರು ಯಾವುದು, ನುಚ್ಚಿನ ಪ್ರಮಾಣ ಎಷ್ಟು, ಸಗಟು ದರಕ್ಕೂ ಸೂಪರ್‌ಮಾರ್ಕೆಟ್ಟಿನ ಕಪಾಟಿನ ದರಕ್ಕೂ ಅಂತರವೆಷ್ಟು ಎಂಬ ಐದು ಅಂಶಗಳನ್ನು ಬರೆದುಕೊಂಡು ಬಂದರೆ ಸಾಕು. ನಮ್ಮ ಮಿಲ್ಲಿನ ಬಾಗಿಲ ದರಕ್ಕೂ ಆ ಕಪಾಟಿನ ದರಕ್ಕೂ ನಡುವೆ ಸಾಗಣೆ ಮತ್ತು ಸುಂಕದ ಪಾಲೆಷ್ಟು, ಹೆಸರಿನ ಪಾಲೆಷ್ಟು ಎಂಬುದು ಆಗ ತಿಳಿಯುತ್ತದೆ. ಈ ತಿಳಿವಳಿಕೆ ಸಿಂಧನೂರಿನ ಗದ್ದಿಗೆಯಲ್ಲಿ ಕುಳಿತು ಫೋನಿನಲ್ಲಿ ದೊರೆಯುವಂಥದಲ್ಲ. ಲಿಂಗಸುಗೂರಿನ ತೊಗರಿ ವರ್ತಕರಿಗೂ ಇದೇ ಮಾತು ಅನ್ವಯಿಸುತ್ತದೆ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಆಮದಾಗುವ ತೊಗರಿ ನಮ್ಮ ದರವನ್ನು ತಗ್ಗಿಸಬಲ್ಲುದು. ಆ ಕಾಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಎಲ್ಲಿ ಸಿಕ್ಕರೂ ಬಿಡಬಾರದು.

ದಾರಿಯ ತಂಗುದಾಣ ವರ್ತಕನಿಗೆ ಹೊಸದೇನಲ್ಲ. 1915ರಲ್ಲಿ ಪತ್ತೆಯಾದ ಶಾಸನದಿಂದ ಮಸ್ಕಿಗೆ ಹೆಸರು ತಂದ ಅಶೋಕನು, ದಾರಿಯುದ್ದಕ್ಕೂ ಮರ ನೆಡಿಸಿ, ಬಾವಿ ತೋಡಿಸಿ, ವಿಶ್ರಾಂತಿ ಗೃಹಗಳನ್ನು ಕಟ್ಟಿಸಿದ್ದನ್ನು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬಂಡಿಯ ಕಾಲದ ವರ್ತಕನು ಎತ್ತುಗಳಿಗೆ ವಿಶ್ರಾಂತಿ ಕೊಟ್ಟು, ಮುಂದಿನ ಪೇಟೆಯ ಧಾರಣೆಯನ್ನು ತಂಗಿದಲ್ಲೇ ವಿಚಾರಿಸುತ್ತಿದ್ದನು. ಇಂದಿನ ತಂಗುದಾಣದಲ್ಲೂ ಮಾಡಬೇಕಾದುದು ಈ ಎರಡೇ ಕೆಲಸ.

ನಿಲ್ದಾಣದೊಳಗೇ ಉಳಿಯುವವರಿಗೆ

ಹೊರಹೋಗಲು ವೀಸಾ ಅಥವಾ ಸಮಯವಿಲ್ಲದವರು ಮೊದಲು ಮುಂದಿನ ವಿಮಾನದ ಗೇಟ್ ಸಂಖ್ಯೆ ಹಾಗೂ ಟರ್ಮಿನಲ್ ನೋಡಿಕೊಳ್ಳಬೇಕು. ಅನಂತರ ನಿದ್ರೆ. ಎಚ್ಚರಿಸಲು ಮೊಬೈಲಿನಲ್ಲಿ ಅಲಾರಾಂ ಇಡುವಾಗ ಸ್ಥಳೀಯ ಸಮಯವನ್ನು ಗಮನಿಸಿರಿ: ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಬ್ಯಾಂಕಾಕ್ ಒಂದೂವರೆ ಗಂಟೆ ಮುಂದೆ, ಸಿಂಗಪುರ ಮತ್ತು ಹಾಂಕಾಂಗ್ ಎರಡೂವರೆ ಗಂಟೆ ಮುಂದೆ. ಸಿಂಗಪುರದಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಇಲ್ಲಿ ಬೆಳಿಗ್ಗೆ ಒಂಬತ್ತೂವರೆ. ಎಪಿಎಂಸಿಯ ವ್ಯವಹಾರ ಆರಂಭವಾಗುವ ಮುನ್ನ ಗುಮಾಸ್ತರಿಗೆ ಸೂಚನೆ ನೀಡಲು ಅದು ಸರಿಯಾದ ಸಮಯ. ಉಳಿದ ಗಂಟೆಯಲ್ಲಿ ಮರುದಿನದ ಮಾತುಕತೆಗೆ ಬೇಕಾದ ದರಪಟ್ಟಿಯನ್ನು, ಅದರಲ್ಲೂ ಯಾವ ದರಕ್ಕಿಂತ ಕೆಳಗಿಳಿಯಬಾರದೆಂಬ ಅಂಕಿಯನ್ನು, ಬರೆದಿಟ್ಟುಕೊಳ್ಳಿರಿ.

ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಹಣವನ್ನು ರೂಪಾಯಿಯಲ್ಲಿ ಪಡೆಯಬೇಕೆ, ಸ್ಥಳೀಯ ನಾಣ್ಯದಲ್ಲೆ ಎಂದು ಯಂತ್ರ ಕೇಳುವುದುಂಟು. ಸ್ಥಳೀಯ ನಾಣ್ಯವನ್ನೇ ಆರಿಸಿರಿ. ರೂಪಾಯಿ ಎಂದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ನಿಗದಿಪಡಿಸುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ.

ಚೀಲದಲ್ಲಿ ಇರಬಾರದ ವಸ್ತುಗಳು

ನಮ್ಮ ಮನೆಗಳಲ್ಲಿ ಪ್ರಯಾಣಿಕನಿಗೆ ಪ್ರೀತಿಯಿಂದ ಕಟ್ಟಿಕೊಡುವ ಬುತ್ತಿಯಲ್ಲೇ ಅಪಾಯವಿರಬಹುದು. ಗಸಗಸೆ ನಮಗೆ ಪಾಯಸದ ಪದಾರ್ಥ. ಸಂಯುಕ್ತ ಅರಬ್ ಸಂಸ್ಥಾನ ಹಾಗೂ ಸಿಂಗಪುರಗಳಲ್ಲಿ ಅದು ನಿಷೇಧಿತ ವಸ್ತು. ಗುಟ್ಕಾ, ಜರ್ದಾ ಮೊದಲಾದ ಅಗಿಯುವ ತಂಬಾಕಿಗೂ ಸಿಂಗಪುರದಲ್ಲಿ ನಿಷೇಧವಿದೆ. ಕೆಲವು ನೋವು ನಿವಾರಕ ಹಾಗೂ ಕೆಮ್ಮಿನ ಔಷಧಿಗಳಿಗೆ ಕೊಲ್ಲಿ ದೇಶಗಳಲ್ಲಿ ನಿರ್ಬಂಧವಿರುವುದರಿಂದ ವೈದ್ಯರ ಚೀಟಿ ಜೊತೆಯಲ್ಲಿರಲಿ.

ಹಿಂದಿರುಗುವಾಗಿನ ಆಕರ್ಷಣೆ ಚಿನ್ನ. ಹಟ್ಟಿಯ ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ದುಬೈ ಚಿನ್ನದ ಮೋಹ ಕಡಿಮೆಯಾಗಿಲ್ಲ. ಆದರೆ ಒಡವೆಗಳ ಸುಂಕರಹಿತ ಸೌಲಭ್ಯವು ಒಂದು ವರ್ಷಕ್ಕೂ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವವರಿಗೆ ಮಾತ್ರ. ವಾರದ ಪ್ರವಾಸಕ್ಕೆ ಹೋದ ವರ್ತಕನಿಗೆ ಅದು ಅನ್ವಯಿಸದು. ನಿಲ್ದಾಣದಲ್ಲಿ ಕೊಂಡದ್ದಕ್ಕೂ ಇದೇ ನಿಯಮ. ಘೋಷಿಸದೆ ತಂದರೆ ವಸ್ತು ಜಪ್ತಿಯಾಗುವುದಲ್ಲದೆ ಮಾನವೂ ಹೋಗುತ್ತದೆ.

ಲೆಕ್ಕಪುಸ್ತಕದಲ್ಲಿ ಹೇಗೆ ತೋರಿಸಬೇಕು?

• ಟಿಕೆಟ್ ಕೊಳ್ಳುವಾಗಲೇ ಜಿಎಸ್‌ಟಿ ಸಂಖ್ಯೆ ಕೊಡಿರಿ. ವ್ಯಾಪಾರದ ಪ್ರಯಾಣವಾದರೆ ಎಕಾನಮಿ ದರ್ಜೆಯ ಶೇ. 5ರ ತೆರಿಗೆಗೆ ಹೂಡುವಳಿ ಜಮೆ ಪಡೆಯಬಹುದು.

• ಹಿಂದಿನ ರಾತ್ರಿ ಹೈದರಾಬಾದಿನ ಹೋಟೆಲಿನಲ್ಲಿ ತಂಗಿದರೆ ಅಲ್ಲಿ ವಿಧಿಸುವುದು ತೆಲಂಗಾಣದ ತೆರಿಗೆ. ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವವರಿಗೆ ಅದರ ಜಮೆ ದೊರೆಯುವುದಿಲ್ಲ. ಈ ಮೊತ್ತವನ್ನು ಖರ್ಚಿನಲ್ಲೇ ಸೇರಿಸಿರಿ.

• ವೆಚ್ಚವು ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕೇ ಆಗಿದ್ದರೆ ಮಾತ್ರ ಆದಾಯ ತೆರಿಗೆಯಲ್ಲಿ ಕಡಿತಕ್ಕೆ ಅರ್ಹ. ಯಾರನ್ನು ಕಂಡಿರಿ, ಯಾವ ಪೇಟೆ ನೋಡಿದಿರಿ ಎಂಬ ಒಂದು ಪುಟದ ಟಿಪ್ಪಣಿಯನ್ನು ಬೋರ್ಡಿಂಗ್ ಪಾಸ್ ಹಾಗೂ ವಿಸಿಟಿಂಗ್ ಕಾರ್ಡ್‌ಗಳೊಂದಿಗೆ ಕಡತದಲ್ಲಿಡಿರಿ. ಪತ್ನಿಯ ಟಿಕೆಟ್, ಮನೆಗೆ ಕೊಂಡ ಉಡುಗೊರೆ ಇವು ಡ್ರಾಯಿಂಗ್ಸ್ ಖಾತೆಗೆ.

• ನಗದು ವಿದೇಶಿ ನೋಟುಗಳನ್ನು ಸಾಮಾನ್ಯವಾಗಿ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದವರೆಗೆ, ಭಾರತೀಯ ನೋಟುಗಳನ್ನು 25,000 ರೂಪಾಯಿವರೆಗೆ ಒಯ್ಯಬಹುದು. ಮರಳಿದ ಮೇಲೆ 2,000 ಡಾಲರ್‌ಗಿಂತ ಹೆಚ್ಚು ಉಳಿದಿದ್ದರೆ ಹೆಚ್ಚುವರಿಯನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು.

• 2019ರಲ್ಲಿ ತಂದ ತಿದ್ದುಪಡಿಯಂತೆ, ತಮಗಾಗಲಿ ಇತರರಿಗಾಗಲಿ ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂಪಾಯಿಗೂ ಮೀರಿ ಖರ್ಚು ಮಾಡಿದವರು ಆದಾಯ ತೆರಿಗೆ ವಿವರ ಸಲ್ಲಿಸುವುದು ಕಡ್ಡಾಯ. ಕೃಷಿ ಆದಾಯ ಮಾತ್ರ ಇರುವ ಕುಟುಂಬದ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಗೋದಾಮಿನಲ್ಲಿ ಬಿದ್ದ ಸರಕಿಗೆ ಬಡ್ಡಿ ಓಡುತ್ತದೆಂಬುದನ್ನು ವರ್ತಕನಿಗೆ ಯಾರೂ ಕಲಿಸಬೇಕಿಲ್ಲ. ನಿಲ್ದಾಣದಲ್ಲಿ ಕಳೆಯುವ ಗಂಟೆಗಳೂ ಹಣ ಕೊಟ್ಟು ಕೊಂಡ ಸರಕೇ. ಮುಂದಿನ ಬಾರಿ ಏಜೆಂಟರು ಎರಡು ಮೂರು ಟಿಕೆಟ್‌ಗಳ ದರ ಕಳುಹಿಸಿದಾಗ, ಪ್ರತಿಯೊಂದರ ಪಕ್ಕದಲ್ಲೂ ಕಾಯುವ ಗಂಟೆ ಎಷ್ಟು, ಅದರಲ್ಲಿ ಕೈಗೆ ಉಳಿಯುವುದೆಷ್ಟು, ಆ ಉಳಿಕೆಯನ್ನು ನಿದ್ರೆಗೆ ಬಳಸುವಿರೋ ಪೇಟೆಗೆ ಬಳಸುವಿರೋ ಎಂದು ಬರೆಯಿರಿ. ಆ ಬಳಿಕವೇ ಟಿಕೆಟ್ಟಿಗೆ ಹಣ ಕಟ್ಟಿರಿ.