ಶಂಕರ್ ನಾಗ್ ಎಂಬ ನಿರ್ದೇಶಕ

ಶಂಕರ್ ನಾಗ್ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು 'ಆಟೋರಾಜ' ಚಿತ್ರದ ನಾಯಕ. ಆದರೆ ಅವರ ನಿಜವಾದ ಕಸುವು ಇದ್ದದ್ದು ನಿರ್ದೇಶನದಲ್ಲಿ. 1954ರಲ್ಲಿ ಹೊನ್ನಾವರದ ಸೀಮೆಯಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಬ್ಯಾಂಕ್ ನೌಕರಿ ಮಾಡುತ್ತಲೇ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಅವರನ್ನು ನಟನಾಗಿ ಕನ್ನಡಕ್ಕೆ ಕರೆತಂದಿತು.

ಎರಡೇ ವರ್ಷಕ್ಕೆ 'ಮಿಂಚಿನ ಓಟ' ನಿರ್ದೇಶಿಸಿದರು. ಕಾರು ಕಳ್ಳರು ಜೈಲಿನಿಂದ ಪಾರಾಗಲು ಹೆಣಗುವ ಕಥೆ ಅದು. 'ಗೀತಾ' (1981) ಇಳಯರಾಜ ಅವರ ಹಾಡುಗಳಿಂದ ಮನೆಮಾತಾಯಿತು. 'ಆಕ್ಸಿಡೆಂಟ್' (1985) ಬೇರೆಯದೇ ಜಾತಿಯ ಚಿತ್ರ. ಕುಡಿದು ಕಾರು ಓಡಿಸಿದ ರಾಜಕಾರಣಿಯ ಮಗ ಫುಟ್‌ಪಾತ್‌ನಲ್ಲಿ ಮಲಗಿದ್ದವರ ಮೇಲೆ ಹರಿಸುತ್ತಾನೆ, ಒಬ್ಬ ಪತ್ರಕರ್ತ ಬೆನ್ನು ಬೀಳುತ್ತಾನೆ. ಹಾಡುಗಳಿಲ್ಲದ ಈ ಬಿಗಿಯಾದ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಲವತ್ತು ವರ್ಷ ಕಳೆದರೂ ಅದರ ಕೋಪ ಆರಿಲ್ಲ.

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ದೂರದರ್ಶನಕ್ಕಾಗಿ ಮಾಡಿದ 'ಮಾಲ್ಗುಡಿ ಡೇಸ್' ಅವರ ಅತ್ಯುತ್ತಮ ಕೆಲಸ. ಹಿಂದಿಯ 'ಗೈಡ್' ಚಿತ್ರ ತಮ್ಮ ಕಲ್ಪನೆಯ ಊರಾದ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಸಾಗಿಸಿದ್ದು ನಾರಾಯಣ್ ಅವರಿಗೆ ಬೇಸರ ತರಿಸಿತ್ತು. ಹಾಗಾಗಿ ಊರಿನ ಆಯ್ಕೆಯೇ ಮೊದಲ ಪರೀಕ್ಷೆ. ಶಂಕರ್ ಆಗುಂಬೆಯನ್ನು ಹಿಡಿದರು. ಅಲ್ಲಿನ ಹೆಂಚಿನ ದೊಡ್ಡಮನೆ ಕಥೆಗಳ ಪಾತ್ರಗಳಿಗೆ ಮನೆಯಾಯಿತು. ಊರ ನಡುವೆ ಕಥೆಗಳಲ್ಲಿ ಬರುವ ಸರ್ ಫ್ರೆಡ್ರಿಕ್ ಲಾಲಿಯ ಪ್ರತಿಮೆ ಎದ್ದಿತು. ರೈಲಿನ ದೃಶ್ಯಗಳಿಗೆ ಶಿವಮೊಗ್ಗ ಜಿಲ್ಲೆಯದೇ ಅರಸಾಳು ನಿಲ್ದಾಣ ಒದಗಿತು. ಕಥೆಗಳ ಜೊತೆಗೆ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಕಿವಿಗೆ ಎಲ್. ವೈದ್ಯನಾಥನ್ ಅವರ ರಾಗ.

ಕಥೆಯ ಹುಡುಗ ಸ್ವಾಮಿಯಾಗಿ ನಟಿಸಿದ ಮಾಸ್ಟರ್ ಮಂಜುನಾಥ್‌ನ ಕಣ್ಣಲ್ಲಿ ಅಪ್ಪನ ಭಯವೂ ಕ್ರಿಕೆಟ್ಟಿನ ಆಸೆಯೂ ಒಟ್ಟಿಗೆ ಕಾಣುತ್ತವೆ. ಅಪ್ಪನಾಗಿ ಗಿರೀಶ ಕಾರ್ನಾಡ್. ಕ್ಯಾಮೆರಾ ಹುಡುಗನ ಎತ್ತರದಲ್ಲೇ ನಿಂತು ನೋಡುವಂತೆ ಭಾಸವಾಗುತ್ತದೆ. ಉಪದೇಶದ ಗೋಜಿಗೆ ಹೋಗುವುದಿಲ್ಲ. ಕಂತು ಅರ್ಧ ಗಂಟೆಯೊಳಗೆ ಮುಗಿಯಬೇಕೆಂಬ ಕಟ್ಟಳೆ ಸಣ್ಣಕಥೆಯ ಅಳತೆಗೆ ಚೆನ್ನಾಗಿ ಒಗ್ಗಿತು. ಮೊದಲ 13 ಕಂತುಗಳು ಹಿಂದಿಯ ಜೊತೆಗೆ ಇಂಗ್ಲಿಷಿನಲ್ಲೂ ತಯಾರಾದವು. ಕನ್ನಡದ ಕಲಾವಿದರ ದೊಡ್ಡ ಪಡೆಯೇ ದೇಶದ ಮನೆಮನೆ ತಲುಪಿತು.

ಇದೇ ಹೊತ್ತಿಗೆ ರಾಜ್‌ಕುಮಾರ್ ಅವರೊಂದಿಗೆ 'ಒಂದು ಮುತ್ತಿನ ಕಥೆ' (1987) ಬಂತು. ಮುತ್ತಿಗಾಗಿ ಕಡಲಾಳಕ್ಕಿಳಿಯುವ ದೃಶ್ಯಗಳು ಆಗಿನ ಕನ್ನಡ ಚಿತ್ರರಂಗಕ್ಕೆ ಹೊಸ ಸಾಹಸವಾಗಿದ್ದವು. ಧ್ವನಿಮುದ್ರಣಕ್ಕೆ ಕನ್ನಡಿಗರು ಮದರಾಸಿಗೆ ಓಡಾಡಬಾರದೆಂದು ಬೆಂಗಳೂರಿನಲ್ಲೇ 'ಸಂಕೇತ್' ಸ್ಟುಡಿಯೋ ಕಟ್ಟಿದರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಗಿ ಅವರು ತೀರಿಕೊಂಡಾಗ ವಯಸ್ಸು 35. 'ಮಾಲ್ಗುಡಿ ಡೇಸ್' 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಮುಂದುವರಿಯಿತು.