ಮಾನ್ಯಪುರವಾಗಿದ್ದ ಮಣ್ಣೆ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಬಳಿಯ ಮಣ್ಣೆ ಇಂದು ಹೊಲಗಳ ನಡುವಿನ ಸಣ್ಣ ಗ್ರಾಮವಾದರೂ, ಎಂಟನೆಯ ಶತಮಾನದಲ್ಲಿ ತಲಕಾಡಿನ ಗಂಗರ ರಾಜನಿವಾಸವಾಗಿದ್ದ ಮಾನ್ಯಪುರ ಇದೇ ಆಗಿದ್ದು, ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದ ಶ್ರೀಪುರುಷನ ಹಲವು ದತ್ತಿಗಳು ಇಲ್ಲಿಂದಲೇ ಹೊರಟಿವೆ.

ಊರಿನ ಹಿರಿಮೆಯನ್ನು ತಿಳಿಸಿಕೊಟ್ಟವು ಇಲ್ಲಿಯೇ ದೊರೆತ ತಾಮ್ರಪಟಗಳು, ಅಂದರೆ ದಾನದ ವಿವರವನ್ನು ಕೊರೆದು ಬಳೆಯಿಂದ ಪೋಣಿಸಿದ ತಾಮ್ರದ ಹಲಗೆಗಳು. 797ರ ಪಟದ ಪ್ರಕಾರ ಸೇನಾನಿ ಶ್ರೀವಿಜಯನು ಮಾನ್ಯಪುರದಲ್ಲಿ ಬಸದಿ ಎಂದರೆ ಜೈನ ದೇವಾಲಯವೊಂದನ್ನು ಕಟ್ಟಿಸಿದನು, ಗಂಗ ಯುವರಾಜ ಮಾರಸಿಂಹನು ಅದಕ್ಕೆ ಭೂದಾನ ಮಾಡಿದನು. 802ರ ಪಟದಲ್ಲಿ ಅದೇ ಬಸದಿಗೆ ದತ್ತಿ ಕೊಟ್ಟವರು ರಾಷ್ಟ್ರಕೂಟರು. ಈ ಐದು ವರ್ಷಗಳ ಅಂತರದ ಹಿಂದೆ ಗಂಗರ ನಾಡಾದ ಗಂಗವಾಡಿಯ ಸಂಕಟಕಾಲವೇ ಅಡಗಿದೆ, ಏಕೆಂದರೆ ಮಾರಸಿಂಹನ ತಂದೆ ಎರಡನೆಯ ಶಿವಮಾರನನ್ನು ರಾಷ್ಟ್ರಕೂಟ ಧ್ರುವನು ಸೆರೆಹಿಡಿದ ಮೇಲೆ ನಾಡಿನ ಆಡಳಿತ ಧ್ರುವನ ಮಗ ಕಂಬನ ಕೈಸೇರಿತ್ತು. ಅರಸುಮನೆತನ ಬದಲಾದರೂ ದೇವಾಲಯದ ದತ್ತಿ ಮುಂದುವರಿದದ್ದು ಗಮನಾರ್ಹ.

ಗ್ರಾಮದಲ್ಲಿ ಇಂದು ನೋಡುಗರನ್ನು ಹಿಡಿದು ನಿಲ್ಲಿಸುವುದು ಶೈವ ದೇವಾಲಯಗಳು, ಅದರಲ್ಲೂ ಶಿಥಿಲಗೊಂಡಿರುವ ಕಪಿಲೇಶ್ವರ. ಸೋಮೇಶ್ವರ ದೇವಾಲಯವೂ ಪ್ರಾಚೀನವೇ, ಆದರೆ ಶಿಲ್ಪದ ಸೊಗಸಿನಲ್ಲಿ ಕಪಿಲೇಶ್ವರಕ್ಕೆ ಸಾಟಿಯಿಲ್ಲ. ಬಾಗಿಲವಾಡದ, ಎಂದರೆ ಬಾಗಿಲಿನ ಕಲ್ಲಿನ ಚೌಕಟ್ಟಿನ, ಒಂದೊಂದು ಪಟ್ಟಿಕೆಯೂ ಬಳ್ಳಿಗಳಿಂದ ತುಂಬಿದ್ದು, ಆ ಬಳ್ಳಿಯ ಸುರುಳಿಗಳ ಒಳಗೆ ಪುಟ್ಟ ಆಕೃತಿಗಳು ಮೂಡಿವೆ. ಬಳಪದ ಕಲ್ಲಿನಲ್ಲಿ ಇಂಥ ನವಿರು ಕೆಲಸ ಸಾಧಿಸುವುದು ಹೊಯ್ಸಳರ ಕಾಲದಲ್ಲಿ ಸಾಮಾನ್ಯವಾಯಿತು. ಕಡುಗಲ್ಲಿನ ಈ ಸೀಮೆಯಲ್ಲಿ ಅದಕ್ಕಿಂತ ಶತಮಾನಗಳ ಹಿಂದೆಯೇ ಉಳಿಗೆ ಇಷ್ಟು ಹಿಡಿತವಿತ್ತೆಂಬುದು ವಿಸ್ಮಯದ ಸಂಗತಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ನಾಟ್ಯಶಿವನನ್ನು ಕೊರೆದ ಜಾಲಂಧ್ರಗಳನ್ನು, ಅಂದರೆ ಬೆಳಕು ಗಾಳಿಗಾಗಿ ರಂಧ್ರ ಬಿಟ್ಟು ಕೆತ್ತಿದ ಕಲ್ಲಿನ ಕಿಟಕಿಗಳನ್ನು, ಕಂಡವರಿಗೆ ಮಣ್ಣೆಯ ಕೆಲಸ ಅದೇ ಪರಂಪರೆಯದೆಂದು ತಟ್ಟನೆ ಹೊಳೆಯುತ್ತದೆ. ಆದರೆ ನಂದಿಗೆ ಹೋಗುವ ಪ್ರವಾಸಿಗರಲ್ಲಿ ಮಣ್ಣೆಯ ಹೆಸರು ಕೇಳಿದವರು ವಿರಳ.

ಸೆರೆವಾಸ ಕಂಡ ಶಿವಮಾರನು ಕವಿಯೂ ಆಗಿದ್ದನು. ಅವನ ಗಜಾಷ್ಟಕವು ಜನರ ನಾಲಿಗೆಯ ಮೇಲೆ ನಲಿದು ಒನಕೆವಾಡಾಯಿತೆಂದು, ಅಂದರೆ ಹೆಂಗಸರು ಕುಟ್ಟುವಾಗ ಹಾಡುವ ಹಾಡಾಯಿತೆಂದು, ಹನ್ನೊಂದನೆಯ ಶತಮಾನದ ಶಾಸನವೊಂದು ತಿಳಿಸುತ್ತದೆ. ಆ ಕೃತಿ ಉಳಿದಿಲ್ಲ. ಅವನ ವಂಶದ ಊರಿನ ಬಾಗಿಲವಾಡ ಮಾತ್ರ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿದೆ.