ಹೊಲಕ್ಕಿಳಿಯುವ ಬಲೂನು, ಆಕಾಶದ ಅನಾಮಿಕರು

ಚಂದಾಪುರದ ಓದುಗರೊಬ್ಬರು ಕೇಳಿದ್ದಾರೆ: “ನಿಬಿರು ಅಂತ ಒಂದು ಗ್ರಹ ಅದ, 1983ರಾಗೇ ನಾಸಾದವರಿಗೆ ಕಂಡದ, ಮುಚ್ಚಿಟ್ಟಾರ ಅಂತಾರಲ್ರೀ, ಖರೇ ಏನು?”

1983ರಲ್ಲಿ ಏನೋ ಕಂಡಿದ್ದು ಖರೆ. ಉಳಿದದ್ದು ಟಿವಿ ಜ್ಯೋತಿಷಿಗಳ ಹೊಟ್ಟೆಪಾಡು.

ಆ ವರ್ಷದ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ಸೇರಿ ಐರಾಸ್ ಎಂಬ ಉಪಗ್ರಹ ಹಾರಿಸಿದವು. ಅದರ ಕೆಲಸ ಆಕಾಶದ ಶಾಖ ನೋಡುವುದು. ಏಪ್ರಿಲ್‌ನಲ್ಲಿ ಹೊತ್ತು ಮುಳುಗಿದ ಮೇಲೂ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಮಲಗಲಿಕ್ಕಾಗುವುದಿಲ್ಲವಲ್ಲ, ಆ ಕಲ್ಲು ಕತ್ತಲಲ್ಲಿ ಉಗುಳುತ್ತಿರುವುದೇ ಅವಕೆಂಪು ಕಿರಣ. ಅಲೆಯುದ್ದ ಸುಮಾರು 10 ಮೈಕ್ರಾನ್. ನಕ್ಷತ್ರಗಳ ನಡುವಿನ ಧೂಳು ಸೊನ್ನೆಗಿಂತ 240 ಡಿಗ್ರಿ ಕೆಳಗಿದ್ದರೂ ಸುಮ್ಮನಿರುವುದಿಲ್ಲ, 100 ಮೈಕ್ರಾನ್ ಆಸುಪಾಸಿನಲ್ಲಿ ಹೊಳೆಯುತ್ತದೆ. ಅದನ್ನು ಹಿಡಿಯಲು ದೂರದರ್ಶಕವೇ ತಣ್ಣಗಿರಬೇಕು. ಅದನ್ನು ತಣ್ಣಗಿಟ್ಟಿದ್ದ ದ್ರವ ಹೀಲಿಯಂ ಮುಗಿದ ನವೆಂಬರ್‌ನಲ್ಲಿ ಐರಾಸ್ ಕುರುಡಾಯಿತು. ಅಷ್ಟರೊಳಗೆ ಸುಮಾರು ಎರಡೂವರೆ ಲಕ್ಷ ಮೂಲಗಳನ್ನು ಪಟ್ಟಿಗೆ ತಂದುಕೊಟ್ಟಿತ್ತು.

ಅವುಗಳಲ್ಲಿ ಕೆಲವಕ್ಕೆ ಗುರುತೇ ಇರಲಿಲ್ಲ. ಆ ಜಾಗದ ಮಾಮೂಲಿ ಫೋಟೋ ತೆಗೆದು ನೋಡಿದರೆ ಖಾಲಿ ಆಕಾಶ! ವಿಜ್ಞಾನಿಗಳು ಪ್ರಾಮಾಣಿಕವಾಗಿ “ಏನೆಂದು ತಿಳಿಯದು” ಎಂದರು. ಗುರುಗ್ರಹದಷ್ಟು ದೊಡ್ಡದು ಹತ್ತಿರದಲ್ಲೇ ಇದ್ದರೂ ಇರಬಹುದು ಎಂಬ ಊಹೆಯನ್ನು ಡಿಸೆಂಬರ್ ಕೊನೆಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ದೊಡ್ಡದಾಗಿ ಅಚ್ಚು ಹಾಕಿತು. ಮುಂದೆ ಪರೀಕ್ಷಿಸಿದಾಗ ಅವು ಹೆಚ್ಚಿನಂಶ ಧೂಳು ತುಂಬಿದ ದೂರದ ಗ್ಯಾಲಕ್ಸಿಗಳೆಂದು ತಿಳಿಯಿತು. ಆ ಸುದ್ದಿಯನ್ನು ಯಾರು ಓದುತ್ತಾರೆ? ಹಳೆಯ ಪತ್ರಿಕೆಯ ತುಣುಕೇ 2012ರ ಪ್ರಳಯದ ಭಜನೆಗೂ ತಾಳವಾಯಿತು. ಐರಾಸ್‌ನಂತೆಯೇ ಶಾಖ ನೋಡಿದ ವೈಸ್ ಉಪಗ್ರಹದ ಚಿತ್ರಗಳನ್ನು ಜಾಲಾಡಿ ಖಗೋಳಜ್ಞ ಕೆವಿನ್ ಲೂಮನ್ 2014ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಸೂರ್ಯ–ಭೂಮಿ ದೂರದ 10,000 ಪಟ್ಟಿನೊಳಗೆ ಶನಿಯಂಥದ್ದಿಲ್ಲ, 26,000 ಪಟ್ಟಿನೊಳಗೆ ಗುರುವಿನಂಥದ್ದಿಲ್ಲ. ಮುಚ್ಚಿಡಲು ಏನಾದರೂ ಇರಬೇಕಲ್ಲ!

ನಮ್ಮ ಆಕಾಶಗಂಗೆಯೊಳಗಿನ ಅನಾಮಿಕರ ಕಥೆ ಇದಕ್ಕಿಂತ ರುಚಿ. ಐರಾಸ್ 19111+1048 ಎಂಬುದು ಹೆಸರಲ್ಲ, ವಿಳಾಸ. ಗರುಡ ನಕ್ಷತ್ರಪುಂಜದ ದಿಕ್ಕು. ಅಲ್ಲಿ ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ಎಳೆಯ ನಕ್ಷತ್ರಗಳು ಧೂಳು ಹೊದ್ದು ಕೂತಿವೆ. ಬೆಳಕು ಹೊರಬರುವುದಿಲ್ಲ, ಧೂಳು ಕಾಯುತ್ತದೆ, ಆ ಕಾವು ನಮಗೆ ತಲಪುತ್ತದೆ. ಇಂಥವರನ್ನು ಪತ್ತೆಹಚ್ಚಲು ಖಗೋಳಜ್ಞರಾದ ವುಡ್ ಮತ್ತು ಚರ್ಚ್‌ವೆಲ್ 1989ರಲ್ಲಿ ಒಂದು ಉಪಾಯ ಹೇಳಿದರು: 60 ಮೈಕ್ರಾನ್‌ನಲ್ಲಿ ಹೊಳಪು 12 ಮೈಕ್ರಾನ್‌ನಲ್ಲಿರುವುದರ 20 ಪಟ್ಟಾದರೂ ಇದ್ದು, 25 ಮೈಕ್ರಾನ್‌ನಲ್ಲೂ ಮೂರೂಮುಕ್ಕಾಲು ಪಟ್ಟು ಮೀರಿದ್ದರೆ ಒಳಗೆ ದೈತ್ಯ ಶಿಶು ಇದೆಯೆಂದು ಅನುಮಾನಿಸಿ. ಮುಖ ನೋಡದೆ ಜ್ವರ ನೋಡಿ ಗುರುತಿಸುವ ಈ ಜಾಣತನ ನನಗೆ ಬಲು ಇಷ್ಟ.

ಅನುಮಾನ ಖಚಿತವಾಗಲು 100 ಮೈಕ್ರಾನ್ ಆಚೆಗೂ ನೋಡಬೇಕು. ಆ ಕಿರಣಗಳನ್ನು ಗಾಳಿಯ ನೀರಾವಿ ನುಂಗಿಬಿಡುತ್ತದೆ. ಅದಕ್ಕೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಮ್ಮ ನೆರೆಯ ಹೈದರಾಬಾದಿನಿಂದ ಒಂದು ಮೀಟರ್ ಕನ್ನಡಿಯ ದೂರದರ್ಶಕವನ್ನು ಬಲೂನಿಗೆ ಕಟ್ಟಿ 30 ಕಿಲೋಮೀಟರ್ ಮೇಲಕ್ಕೆ ಕಳಿಸುತ್ತ ಬಂದಿದೆ. ಕೆಲಸ ಮುಗಿದ ಉಪಕರಣ ಪ್ಯಾರಾಚೂಟ್ ಹಿಡಿದು ಇಳಿಯುತ್ತದೆ, ಗಾಳಿ ಒಯ್ದ ಕಡೆಗೆ.

ಅಲ್ಲಿಂದ ಬೇರೆ ಪ್ರಯೋಗಗಳ ಬಲೂನುಗಳೂ ಏರುತ್ತವೆ. 2022ರ ಡಿಸೆಂಬರ್‌ನಲ್ಲಿ ಒಂದು ಗೋಳಾಕಾರದ ಕೋಶ ಚಿಂಚೋಳಿಯ ಪಕ್ಕದ ವಿಕಾರಾಬಾದ್ ಜಿಲ್ಲೆಯ ಹೊಲಕ್ಕೆ ಇಳಿದಾಗ ಜನ ಹಾರುವ ತಟ್ಟೆಯೆಂದು ಮುತ್ತಿದ್ದರು. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲೂ ಬಲೂನು ಬಿದ್ದು ಗಾಬರಿಯಾಯಿತು. ಸೇಡಂ, ಚಿತ್ತಾಪುರದ ತೊಗರಿ ಹೊಲಕ್ಕೂ ಇಂಥದ್ದು ಬಂದೀತು. ಆಗ ತೆಂಗಿನಕಾಯಿ ಒಡೆಯುವುದು ಬೇಡ, ಬಣವೆಗೆ ಹೊದಿಸಲು ಬಲೂನಿನ ಪ್ಲಾಸ್ಟಿಕ್ ಕತ್ತರಿಸುವುದೂ ಬೇಡ. ಉಪಕರಣದ ಪೆಟ್ಟಿಗೆಯ ಮೇಲಿನ ವಿಳಾಸಕ್ಕೋ ಹತ್ತಿರದ ಠಾಣೆಗೋ ಸುದ್ದಿ ಮುಟ್ಟಿಸಿ. ಕೈಯಾಡಿಸದೆ ಒಪ್ಪಿಸಿದವರಿಗೆ ಸಂಸ್ಥೆ ಬಹುಮಾನವನ್ನೂ ಕೊಡುತ್ತದೆ.